ಧರ್ಮಕ್ಕೆ ಸಿಕ್ಕಿದ ಸಾಫ್ಟ್‌ವೇರ್

ಕಾರ್ಕಳದ ನಿವೃತ್ತ ಅಧ್ಯಾಪಕರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕುವುದು ಬೇಡ ಅಂದಿದ್ದಾರೆ. ಪತ್ರದ ಸಾರ ಇಷ್ಟು. ಅವರ ಲ್ಯಾಪ್‌ಟಾಪಿನಲ್ಲಿದ್ದ ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಆ ಯಂತ್ರದಲ್ಲಿ ಕೂರುವುದಿಲ್ಲ, ಹೊಸದು ತೆಗೆದುಕೊಳ್ಳಿ ಅಂದರು ಅಂಗಡಿಯವರು. ರಜೆಯಲ್ಲಿ ಊರಿಗೆ ಬಂದ ಮಗ ಅದೇ ಯಂತ್ರಕ್ಕೆ ವಿಂಡೋಸಿನ ಬದಲು ಧರ್ಮಕ್ಕೆ ಸಿಗುವ ಲಿನಕ್ಸ್ ಮಿಂಟ್ ಹಾಕಿ, ವರ್ಡ್‌ನ ಬದಲು ಬರೆಯಲು ಧರ್ಮದ್ದೇ ಆದ ಲಿಬ್ರೆಆಫೀಸ್ ತೋರಿಸಿಕೊಟ್ಟು ಬೆಂಗಳೂರಿನ ಬಸ್ಸು ಹತ್ತಿದ. ಇವರು ತಾಳಮದ್ದಳೆಯ ಹಳೆಯ ಅರ್ಥಧಾರಿಗಳ ಬಗ್ಗೆ ಟಿಪ್ಪಣಿ ಬರೆಯುತ್ತಿದ್ದಾರೆ. ಈಗ ನಿದ್ದೆ ಬರುತ್ತಿಲ್ಲವಂತೆ. "ಧರ್ಮಕ್ಕೆ ಕೊಡುವವನಿಗೆ ಏನು ಲಾಭ? ಲಾಭ ಕಾಣದ ಕಡೆ ಏನೋ ಮೋಸ ಇರಲೇಬೇಕಲ್ಲವೇ? ಕಾಸು ಕೊಟ್ಟು ಒಳ್ಳೆಯದನ್ನೇ ಕೊಳ್ಳುವುದು ಕ್ಷೇಮವೋ ಏನೋ" ಎಂದು ಕೇಳಿದ್ದಾರೆ.

ಮಾಸ್ಟ್ರೇ, ನೀವು ಯಕ್ಷಗಾನದ ಆಟ ನೋಡಿಕೊಂಡೇ ಬೆಳೆದವರು. ಕಟೀಲು ಮೇಳದ ಆಟಕ್ಕೆ ಎಂದಾದರೂ ಟಿಕೆಟು ತೆಗೆದದ್ದುಂಟೇ? ಗದ್ದೆಯಲ್ಲಿ ಕುರ್ಚಿ ಎಳೆದುಕೊಂಡು ಕೂತು ನೋಡಿ, ಭಾಗವತರಿಗೆ ಸ್ವರ ಹಿಡಿದಿತ್ತೋ ಬಿಟ್ಟಿತ್ತೋ ಎಂದು ವಿಮರ್ಶೆಯನ್ನೂ ಮಾಡಿ ಎದ್ದು ಬರುತ್ತೇವೆ. ಖರ್ಚು ಹೊತ್ತವರು ಹರಕೆಯವರು. ಡೇರೆ ಮೇಳಕ್ಕೆ ಟಿಕೆಟು ಇತ್ತು, ಬಯಲಾಟಕ್ಕೆ ಇಲ್ಲ. ಅಷ್ಟಕ್ಕೇ ಬಯಲಾಟದ ಮಹಿಷಾಸುರ ಮೋಸದವನು ಅಂತ ಯಾರೂ ಹೇಳಿಲ್ಲ. ಲಿನಕ್ಸಿನ ಲೆಕ್ಕವೂ ಹೆಚ್ಚುಕಡಿಮೆ ಹೀಗೇ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅದನ್ನು ಹವ್ಯಾಸಕ್ಕೆಂದು ಶುರುಮಾಡಿದ್ದು ನಿಜ. ಈಗ ಅದರ ಬಹುಪಾಲು ಕೆಲಸ ಮಾಡುವವರು ಇಂಟೆಲ್, ಗೂಗಲ್, ರೆಡ್ ಹ್ಯಾಟ್‌ನಂಥ ಕಂಪನಿಗಳ ಸಂಬಳದ ಇಂಜಿನಿಯರುಗಳು. ಆ ಕಂಪನಿಗಳ ಸರ್ವರುಗಳು ಓಡುವುದೇ ಅದರ ಮೇಲೆ, ಹಾಗಾಗಿ ಖರ್ಚು ಹೊರುತ್ತವೆ. ರೆಡ್ ಹ್ಯಾಟನ್ನು 2019ರಲ್ಲಿ ಐಬಿಎಂ 3,400 ಕೋಟಿ ಡಾಲರ್ ಕೊಟ್ಟು ಕೊಂಡಿತು. ಧರ್ಮಕ್ಕೆ ಕೊಡುವವರು ಬಡವಾಗಲಿಲ್ಲ, ನೀವು ಚಿಂತೆ ಮಾಡಬೇಡಿ.

ಮೋಸದ ಮಾತೂ ಬಂದಿದೆ. ಅದೂ ನಡೆಯುತ್ತದೆ. ಎಕ್ಸ್‌ಜೆಡ್ ಎಂಬ ಸಣ್ಣ ಮುಕ್ತ ತಂತ್ರಾಂಶಕ್ಕೆ (ಒಳಗಿನ ಬರಹವನ್ನು ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಬಹುದಾದದ್ದು ಮುಕ್ತ) ಯಾರೋ ಒಬ್ಬ ವರ್ಷಗಟ್ಟಲೆ ಒಳ್ಳೆಯವನಂತೆ ಸಹಾಯ ಮಾಡಿ, ನಂಬಿಕೆ ಗಳಿಸಿ, ಕೊನೆಗೆ ಅದರೊಳಗೊಂದು ಕಳ್ಳಬಾಗಿಲು ಇಟ್ಟ. 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್, ದೂರದ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಕೆದಕುತ್ತಾ ಹೋಗಿ ಅದನ್ನು ಹಿಡಿದುಹಾಕಿದರು. ಅರ್ಧ ಸೆಕೆಂಡು! ಅವರು ಕೆಲಸಕ್ಕಿದ್ದದ್ದು ಮೈಕ್ರೋಸಾಫ್ಟಿನಲ್ಲಿ ಎಂಬುದು ಈ ಕತೆಯ ರಸವತ್ತಾದ ಭಾಗ. ಅವರು ಕೆದಕಲು ಸಾಧ್ಯವಾದದ್ದು ಒಳಗಿನ ಬರಹ ಎಲ್ಲರಿಗೂ ಕಾಣುವಂತೆ ಇದ್ದುದರಿಂದ. ಬೀಗ ಹಾಕಿದ ಪ್ರೋಗ್ರಾಮಿನಲ್ಲಿ ಇಂಥದ್ದು ನಡೆದರೆ ಹೊರಗಿನವರು ಎಲ್ಲಿ ಕೆದಕುವುದು?

ಕಾಸಿನ ಪ್ರೋಗ್ರಾಮುಗಳನ್ನು ನಾನು ಹೀಗಳೆಯುತ್ತಿಲ್ಲ. ಮಂಗಳೂರಿನ ಭವಂತಿ ಸ್ಟ್ರೀಟಿನ ಅಂಗಡಿಯವರಿಗೆ ಲೆಕ್ಕ ಬರೆಯುವ ಟ್ಯಾಲಿ ಬಿಡಿ ಎಂದರೆ ಅವರ ಲೆಕ್ಕದವರು ನನ್ನನ್ನು ಅಟ್ಟಿಸಿಕೊಂಡು ಬಂದಾರು, ಅದು ನ್ಯಾಯವೇ. ಫೋಟೋಶಾಪಿನಲ್ಲಿ ಕೈ ಪಳಗಿದವರು ಅದರ ಬದಲಿಗಿರುವ ಮುಕ್ತ ಗಿಂಪ್‌ಗೆ ಬಂದರೆ ಗೊಣಗುತ್ತಾರೆ. ವರ್ಡ್‌ನಲ್ಲಿ ಕೋಷ್ಟಕ ಕಟ್ಟಿ ಕಳಿಸಿದ ಕಡತ ಲಿಬ್ರೆಆಫೀಸಿನಲ್ಲಿ ಕೆಲವೊಮ್ಮೆ ಸೊಟ್ಟಗಾಗುವುದೂ ಹೌದು. ಆಯಿತು.

ಆದರೆ ನೀವು ಜಿಎಸ್‌ಟಿ ಕಟ್ಟುತ್ತಿಲ್ಲ, ಮಾಸ್ಟ್ರೇ, ಬರೆಯುತ್ತಿದ್ದೀರಿ. ಕನ್ನಡದಲ್ಲಿ, ಮುಂದಿನವರು ಓದಲಿ ಎಂದು. ಅಲ್ಲಿ ನೋಡಬೇಕಾದದ್ದು ಬೆಲೆಯನ್ನಲ್ಲ. ಇವತ್ತು ಬರೆದದ್ದನ್ನು ಇಪ್ಪತ್ತು ವರ್ಷ ಬಿಟ್ಟು ಯಾರ ಅಪ್ಪಣೆಯೂ ಇಲ್ಲದೆ ತೆರೆಯಬಹುದೇ ಎಂದು ನೋಡಬೇಕು. ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಒಂದು ಖಾಸಗಿ ಕಂಪನಿಯ ಕನ್ನಡ ತಂತ್ರಾಂಶದಲ್ಲಿ ಕಟ್ಟಿದ್ದೆವು. ದುಡ್ಡು ಕೊಟ್ಟೇ ಕೊಂಡದ್ದು, ಬಿಲ್ಲು ಇನ್ನೂ ಇದೆ. ಅದರ ಜತೆ ಹೆಬ್ಬೆರಳು ಗಾತ್ರದ ಒಂದು ಡಾಂಗಲ್. ಕಂಪ್ಯೂಟರಿನ ಬೆನ್ನಿಗೆ, ಪ್ರಿಂಟರಿನ ಪೋರ್ಟಿಗೆ ಅದನ್ನು ಚುಚ್ಚಿದರೆ ಮಾತ್ರ ಕನ್ನಡ. ಹೊಸ ಕಂಪ್ಯೂಟರುಗಳಲ್ಲಿ ಆ ಪೋರ್ಟೇ ಇಲ್ಲ. ಕಡತ ತೆರೆದರೆ "ಕನ್ನಡ" ಎಂಬ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಗೆ ಕೊಂಬು ಬಂದ ಎ, ನಡುವೆ ಬ್ರಿಟಿಷರ ಪೌಂಡ್ ಚಿಹ್ನೆ! ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು, ಒಬ್ಬೊಬ್ಬ ಮಾರಾಟಗಾರ ಒಂದೊಂದು ಕ್ರಮದಲ್ಲಿ. ದೀಪಾವಳಿ ವಿಶೇಷಾಂಕದ ಒಂದು ಲೇಖನ ಪುಸ್ತಕಕ್ಕೆ ಬೇಕಾದಾಗ, ಮುದ್ರಿತ ಪ್ರತಿ ಎದುರಿಟ್ಟುಕೊಂಡು ಮೊದಲಿನಿಂದ ಟೈಪು ಮಾಡಿಸಬೇಕಾಯಿತು. ನಮ್ಮದೇ ಲೇಖನವನ್ನು!

ಇದಕ್ಕೆ ಎದುರಾಗಿ ಲಿಬ್ರೆಆಫೀಸಿನ ವಂಶಾವಳಿ ನೋಡಿ. ಅದರ ಮೂಲ ಜರ್ಮನಿಯ ಸ್ಟಾರ್‌ಆಫೀಸ್. 1999ರಲ್ಲಿ ಸನ್ ಕಂಪನಿ ಅದನ್ನು ಕೊಂಡು, ಮರುವರ್ಷ ಒಳಬರಹವನ್ನು ಹೊರಗೆ ಬಿಟ್ಟಿತು. 2010ರಲ್ಲಿ ಸನ್ ಕಂಪನಿಯೇ ಒರೇಕಲ್ ಪಾಲಾಯಿತು. ಹೊಸ ಯಜಮಾನರ ರೀತಿ ಹಿಡಿಸದೆ, ಕೆಲಸ ಮಾಡುತ್ತಿದ್ದವರು ಅದೇ ವರ್ಷ ಒಳಬರಹವನ್ನು ಎತ್ತಿಕೊಂಡು ಬೇರೆ ಮನೆ ಮಾಡಿದರು, ಅದೇ ಲಿಬ್ರೆಆಫೀಸ್. ಯಜಮಾನಿಕೆ ಇಷ್ಟು ಸಲ ಬದಲಾದರೂ ಬಳಸುವವರ ಕಡತಗಳು ಕೆಟ್ಟಿಲ್ಲ. ಅದು ಉಳಿಸುವ ಒಡಿಟಿ ಕಡತದ ಕ್ರಮ 2006ರಿಂದ ಅಂತಾರಾಷ್ಟ್ರೀಯ ಶಿಷ್ಟತೆ, ಯಾರು ಬೇಕಾದರೂ ಅದನ್ನು ಓದುವ ಪ್ರೋಗ್ರಾಮು ಬರೆಯಬಹುದು.

ಇನ್ನು ನಮ್ಮ ಊರಿನವರ ಮಾತಿಗೆ ಬರುತ್ತೇನೆ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾಯರು ಇಂಗ್ಲಿಷ್ ಕೀಲಿಮಣೆಯ 26 ಕೀಲಿಗಳಲ್ಲೇ ಇಡೀ ಕನ್ನಡವನ್ನು ಕೂರಿಸಿದವರು. ವ್ಯಂಜನ ಒತ್ತಿ ಸ್ವರ ಒತ್ತಿದರೆ ಗುಣಿತ, ನಾವು ಒಂದನೇ ಕ್ಲಾಸಿನಲ್ಲಿ ಕಲಿತ ಹಾಗೆ. ಸರಕಾರ ಒಪ್ಪಿದ ವಿನ್ಯಾಸದ ಬುನಾದಿ ಅದು. ಅದರಲ್ಲಿ ಟೈಪಿಸಿದ್ದಕ್ಕೆ ರಾಯಧನ ಕಟ್ಟಿ ಎಂದು ಯಾರೂ ನಮ್ಮ ಬಾಗಿಲಿಗೆ ಬಂದಿಲ್ಲ. ನಿಮ್ಮ ಮಿಂಟ್‌ನಲ್ಲಿ ಕೀಲಿಮಣೆಗಳ ಪಟ್ಟಿ ತೆರೆದು ಕನ್ನಡದ ಕೆಳಗೆ "ಕಗಪ" (ಕನ್ನಡ ಗಣಕ ಪರಿಷತ್ತಿನ ವಿನ್ಯಾಸ) ಹುಡುಕಿ, ನಿಮಗೆ ನುಡಿ ತಂತ್ರಾಂಶದಲ್ಲಿ ಅಭ್ಯಾಸವಾದ ಕ್ರಮ ಹೆಚ್ಚುಕಡಿಮೆ ಅದೇ. ಬೇರೇನೂ ಹಾಕಿಸಬೇಕಾಗಿಲ್ಲ. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ "ರಾಷ್ಟ್ರ" ಎಂದು ಬರೆದರೆ ಒತ್ತುಗಳು ತಂತಮ್ಮ ಜಾಗಕ್ಕೆ ಹೋಗಿ ಕೂರುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶದ ದಯೆ. ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲದರ ಹೊಟ್ಟೆಯಲ್ಲೂ ಅದೇ ಇದೆ. ಮಗನ ಮೇಲೆ ಅನುಮಾನಪಡುವ ಮೊದಲೇ ನೀವು ಧರ್ಮದ ಸಾಫ್ಟ್‌ವೇರಿನ ಬಳಕೆದಾರರು.

ತಲಪಾಡಿ ದಾಟಿದರೆ ಕೇರಳದ ಸರಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯುವುದೇ ಲಿನಕ್ಸಿನಲ್ಲಿ, ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೂ. ಈಚೆ ಬದಿಯಲ್ಲಿ ಕಂಪ್ಯೂಟರ್ ಕ್ಲಾಸು ಎಂದರೆ ಒಂದು ಕಂಪನಿಯ ಮೆನು ಬಾಯಿಪಾಠ. ಮನೆಗೆ ಬಂದರೆ ಅದೇ ಪ್ರೋಗ್ರಾಮಿನ ಕ್ರ್ಯಾಕು. ಅಂಗಡಿಯವರು "ಆಫೀಸ್ ಫ್ರೀಯಾಗಿ ಹಾಕಿ ಕೊಡ್ತೇವೆ ಸರ್" ಎನ್ನುತ್ತಾರೆ, ನಾವು ಹಲ್ಲು ಕಿರಿದು ಒಪ್ಪುತ್ತೇವೆ. ನಮ್ಮ ಊರಲ್ಲಿ ಮುಕ್ತ ತಂತ್ರಾಂಶ ಸೋಲುತ್ತಿರುವುದು ಕಾಸಿನದ್ದರ ಎದುರು ಅಲ್ಲ, ಕದ್ದದ್ದರ ಎದುರು. ಕದ್ದದ್ದರಲ್ಲಿ ವೈರಸ್ ಬಂದರೆ ಮತ್ತೆ ಅದೇ ಅಂಗಡಿಗೆ ಫಾರ್ಮ್ಯಾಟಿಗೆ ಕೊಡುವುದು.

ಕದಿಯುವ ಮಾತು ಬಂತಲ್ಲ, ಹೇಳಿಯೇ ಬಿಡುತ್ತೇನೆ. ನಮ್ಮ ಸಂಚಿಕೆ ಅಂಚೆ ಕಚೇರಿ ಸೇರುವ ಮೊದಲೇ ಅದರ ಪಿಡಿಎಫ್ ಎಲ್ಲ ವಾಟ್ಸಾಪ್ ಗುಂಪುಗಳನ್ನು ಸುತ್ತಿ ನನ್ನ ಫೋನಿಗೇ ವಾಪಸು ಬರುತ್ತದೆ, ಕೆಳಗೆ "ಉತ್ತಮ ಸಂಗ್ರಹ, ಹಂಚಿರಿ" ಎಂಬ ಟಿಪ್ಪಣಿಯೊಂದಿಗೆ. ಕೇಳಿದರೆ, "ನೀವೇ ಅಲ್ಲವಾ ಎಲ್ಲ ಮುಕ್ತವಾಗಿರಬೇಕು ಎನ್ನುವವರು?" ಎಂಬ ಪಾಠ. ಸ್ವಾಮೀ, ಲಿಬ್ರೆಆಫೀಸ್ ಬರೆದವರು ಹಂಚಿಕೊಳ್ಳಿ ಎಂದು ಬರೆದುಕೊಟ್ಟು ಬಿಟ್ಟಿದ್ದಾರೆ. ಲಿನಕ್ಸಿನ ಪರವಾನಗಿ ನಿಂತಿರುವುದೇ ಬರೆದವರ ಹಕ್ಕಿನ ಮೇಲೆ. ನಾವು ಇನ್ನೂ ಬರೆದುಕೊಟ್ಟಿಲ್ಲ. ಕಾಗದದ ಬಿಲ್ಲು ಕಟ್ಟಲು ನಮಗೆ ಐಬಿಎಂ ಇಲ್ಲ.

ಮಾಸ್ಟ್ರೇ, ಹೊಸ ಲ್ಯಾಪ್‌ಟಾಪಿನ ದುಡ್ಡು ಉಳಿಯಿತಲ್ಲ, ಅದರಲ್ಲಿ ಚೂರು ಲಿಬ್ರೆಆಫೀಸ್ ನೋಡಿಕೊಳ್ಳುವ ಡಾಕ್ಯುಮೆಂಟ್ ಫೌಂಡೇಶನ್‌ಗೆ ದೇಣಿಗೆ ಕಳಿಸಿ. ಮಗ ಫೋನಿನಲ್ಲೇ ಹೇಳಿಕೊಡುತ್ತಾನೆ. ಟಿಪ್ಪಣಿಗಳ ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲಿರಲಿ, ಯಾವ ಸಾಫ್ಟ್‌ವೇರೂ ಮಳೆಗಾಲದ ಸಿಡಿಲಿಗೆ ಜವಾಬ್ದಾರಿಯಲ್ಲ. ಹಳೆಯ ನುಡಿ ಫಾಂಟಿನಲ್ಲಿ ಬರೆದ ಭಾಗಗಳಿದ್ದರೆ ಎಲ್ಲ ಯಂತ್ರಗಳೂ ಒಂದೇ ಕ್ರಮದಲ್ಲಿ ಓದುವ ಯೂನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಒಮ್ಮೆ ಕಣ್ಣಲ್ಲೇ ತಿದ್ದಿ. ಅರ್ಥಧಾರಿಗಳ ಮೊದಲ ಅಧ್ಯಾಯ ಸಿದ್ಧವಾದಾಗ ಒಡಿಟಿ ಕಡತವನ್ನೇ ಕಳಿಸಿ, ನಮ್ಮ ಕಚೇರಿಯಲ್ಲಿ ತೆರೆಯುತ್ತದೆ. ಪಿಡಿಎಫ್ ಮಾಡಬೇಡಿ.