ಟಿವಿಗೆ ವೈಫೈ ಸಾಕಾ, ಕೇಬಲ್ ಎಳೆಸಬೇಕಾ?

ಬಿಟಿಎಂ ಲೇಔಟ್ ಅಪಾರ್ಟ್‌ಮೆಂಟಿನಲ್ಲಿ ರಾತ್ರಿಯಾದರೆ ಟಿವಿ ಸಿನಿಮಾ ಮಧ್ಯೆ ಸುತ್ತುತ್ತಾ ನಿಲ್ಲುತ್ತದೆ, ರೂಟರಿನಿಂದ ಟಿವಿಗೆ ನೇರ ಲ್ಯಾನ್ ಕೇಬಲ್ ಹಾಕಿಸಲಾ ಅಂತ ಕೇಳಿದ್ದೀರಿ. ರೂಟರ್ ಟಿವಿ ಪಕ್ಕದಲ್ಲೇ ಇದ್ದರೆ ಯೋಚನೆ ಯಾಕೆ, ಕೇಬಲ್ ಚುಚ್ಚಿಬಿಡಿ. ದೂರ ಇದ್ದರೆ ಮೊದಲು 5 ಗಿಗಾಹರ್ಟ್ಸ್ ವೈಫೈಗೆ ಹಾಕಿ ನೋಡಿ. ರೂಟರಿನ ಇನ್ನೊಂದು ವೈಫೈ, ಅಂದರೆ 2.4 ಗಿಗಾಹರ್ಟ್ಸ್‌ನಲ್ಲಿ ಅಕ್ಕಪಕ್ಕದ ಮನೆಗಳ ರೂಟರ್‌ಗಳೆಲ್ಲ ಇರುವಷ್ಟೇ ಜಾಗಕ್ಕೆ ಗುದ್ದಾಡುತ್ತವೆ, ಸಂಜೆಯ ಸಿಲ್ಕ್ ಬೋರ್ಡ್ ಟ್ರಾಫಿಕ್ ಥರ. 5ರಲ್ಲಿ ಜಾಗ ಜಾಸ್ತಿ, ಆದರೆ ಎರಡು ಗೋಡೆ ಅಡ್ಡ ಬಂದರೆ ಸುಸ್ತಾಗುತ್ತದೆ. ಆಗ ಕೇಬಲ್ಲೇ ಸರಿ. ಅಂದಹಾಗೆ, ಬಹಳಷ್ಟು ಟಿವಿಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ಗೇ ನಿಲ್ಲುತ್ತದೆ, ಸ್ಪೀಡ್ ಟೆಸ್ಟ್‌ನಲ್ಲಿ ವೈಫೈಗಿಂತ ಕಮ್ಮಿ ತೋರಿಸಿದರೆ ಗಾಬರಿ ಬೇಡ, 4ಕೆ ಸಿನಿಮಾಗೆ 25 ಇದ್ದರೆ ಧಾರಾಳ. ಕೇಬಲ್ ಹಾಕಿಯೂ ಸುತ್ತುತ್ತಿದ್ದರೆ ತೊಂದರೆ ಬಹುಶಃ ಮನೆಯ ಹೊರಗಿದೆ. ಬಾಡಿಗೆ ಮನೆ ಅಲ್ವಾ? ಗೋಡೆ ಕೊರೆಸುವ ಮುಂಚೆ ಓನರನ್ನು ಕೇಳಿ, ಅಡ್ವಾನ್ಸಿನಲ್ಲಿ ಮುರಿದುಕೊಂಡಾರು.