ಬಸಿಗಾಲುವೆಗೆ ಪೈಪ್ ಹಾಕಿ ಮುಚ್ಚಬಹುದಾ?

ಹೊಲದ ಅಂಚಿನ ಬಸಿಗಾಲುವೆ ವರ್ಷದಲ್ಲಿ ಎಂಟು ತಿಂಗಳು ಒಣಗಿರುತ್ತದೆ, 1 ಅಡಿ ಅಗಲದ ಪೈಪ್ ಹಾಕಿ ಮಣ್ಣು ಮುಚ್ಚಿದರೆ ಜಾಗ ಉಳಿಯುತ್ತದಲ್ವಾ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಬೇಡ.

ಕಾಲುವೆ ಇರೋದೇ ಜೋರು ಮಳೆಯ ಆ ನಾಲ್ಕೈದು ದಿನಕ್ಕೆ. ಅಷ್ಟು ನೀರಿಗೆ 1 ಅಡಿ ಪೈಪ್ ಸಾಲದು: 2 ಅಡಿ ಪೈಪಿನ ಬಾಯಿಯೇ ಅದಕ್ಕಿಂತ 4 ಪಟ್ಟು ದೊಡ್ಡದು. ತೆರೆದ ಕಾಲುವೆ 2 ಅಡಿ ಪೈಪಿಗಿಂತಲೂ ಅಗಲ. ಪೈಪಿನ ಬಾಯಿಗೆ ಒಂದು ಕಂತೆ ಒಣ ಹುಲ್ಲು ಸಿಕ್ಕಿಕೊಂಡರೆ ಸಾಕು, ನೀರು ಹಿಂದಕ್ಕೆ ಒತ್ತಿ ಮೇಲಿನವರ ಹೊಲ ಮುಳುಗುತ್ತದೆ. ಹರಿದು ಬರುವ ನೀರಿಗೆ ಅಡ್ಡ ಹಾಕಿದರೆ ಬಹಳ ಕಡೆ ಕಾನೂನಿನ ತಕರಾರೂ ಬರುತ್ತದೆ. ದಾಟಲು ದಾರಿ ಬೇಕಿದ್ದರೆ ಅಷ್ಟಕ್ಕೆ ಮಾತ್ರ ಒಂದು ದೊಡ್ಡ ಮೋರಿ ಕೂರಿಸಿ. ಅದಕ್ಕೂ ಮೊದಲು ಅನುಮತಿ ಬೇಕಾ ಕೇಳಿಕೊಳ್ಳಿ.

ನಿಮ್ಮ ನಿಜವಾದ ತೊಂದರೆ ಹೂಳು ಅನಿಸುತ್ತದೆ. ಕಾಲುವೆ ಒಣಗಿರುವಾಗಲೇ ಅದನ್ನು ಎತ್ತಿ, ಕೆಳಗಿನ ತುದಿಯಿಂದ ಶುರು ಮಾಡಿ ಮೇಲಕ್ಕೆ ಬನ್ನಿ. ಸಲಿಕೆಗೆ ಮೆತ್ತಗಿನ ಕಪ್ಪು ಮಣ್ಣು ಮುಗಿದು ಗಟ್ಟಿ ನೆಲ ತಾಗುತ್ತದೆ, ಬಣ್ಣವೂ ಬದಲಾಗುತ್ತದೆ. ಹೆಚ್ಚಾಗಿ ಅದೇ ಹಳೆಯ ತಳ. ಅಲ್ಲೇ ನಿಲ್ಲಿಸಿ. ಅದಕ್ಕಿಂತ ಜಾಸ್ತಿ ತೋಡಿದರೆ ಗುಂಡಿಯಾಗಿ ನೀರು ನಿಲ್ಲುತ್ತದೆ, ಸುಮ್ನೆ ಸೊಳ್ಳೆ ಸಾಕಿದ ಹಾಗೆ.

ದಂಡೆಯ ಹುಲ್ಲು ಮಾತ್ರ ಕೆರೆಯಬೇಡಿ. ನಾನು ಒಮ್ಮೆ ನೀಟಾಗಿ ಕಾಣಲಿ ಅಂತ ಎರಡೂ ಕಡೆ ಬೋಳಿಸಿದ್ದೆ. ಮೊದಲ ಮಳೆಗೇ ದಂಡೆ ಜಾರಿ, ತೆಗೆದಿದ್ದಷ್ಟೂ ವಾಪಸ್ ಕಾಲುವೆಗೆ ಬಿತ್ತು! ಎತ್ತಿದ ಹೂಳನ್ನೂ ಅಂಚಿಗೆ ಗುಡ್ಡೆ ಹಾಕಬೇಡಿ, ಹೊಲದೊಳಗೆ ಹರಡಿಬಿಡಿ.