ಈಜು ಬರದ ಅಮ್ಮನ ಜೊತೆ ಕಾನ್ಕೂನ್‌ನಿಂದ ಒಂದು ದಿನದ ಸೆನೋಟೆ ಟೂರ್ ಮಾಡಬಹುದಾ?

ನೀವು ಕೇಳಿರುವುದು ಎರಡು ವಿಷಯ. ಮೆಕ್ಸಿಕೋದ ಕಾನ್ಕೂನ್ ಸುತ್ತಮುತ್ತಲಿನ ಸೆನೋಟೆಗೆ, ಅಂದರೆ ಅಂತರ್ಜಲ ತುಂಬಿದ ನೈಸರ್ಗಿಕ ಗುಂಡಿಗೆ, ಈಜು ಬರದ ಅಮ್ಮನನ್ನು ಇಳಿಸಬಹುದಾ? ಚಿಚೆನ್ ಇತ್ಸಾ (ಮಾಯಾ ಜನರ ಪ್ರಾಚೀನ ನಗರದ ಅವಶೇಷ), ಸೆನೋಟೆ, ವಯ್ಯಾದೊಲಿದ್ (ಅದರ ಹತ್ತಿರದ ಹಳೆಯ ಪಟ್ಟಣ) ಮೂರೂ ಸೇರಿದ ಗೈಡೆಡ್ ಟೂರ್ ಸಾಕಾ? ಮೊದಲನೆಯದಕ್ಕೆ ಧಾರಾಳವಾಗಿ ಹೌದು. ಎರಡನೆಯದು, ನೀರಿನ ಆಸೆಗೇ ಹೋಗುವುದಾದರೆ ಬೇಡ.

ಲೆಕ್ಕ ಹಾಕಿ ನೋಡಿ. ಕಾನ್ಕೂನ್‌ನಿಂದ ಚಿಚೆನ್ ಇತ್ಸಾ ಸುಮಾರು 200 ಕಿ.ಮೀ., ಒಂದು ಕಡೆಗೇ ಎರಡೂವರೆ ಗಂಟೆ. ಹೋಟೆಲ್ ಹೋಟೆಲ್ ಸುತ್ತಿ ಜನರನ್ನು ಹತ್ತಿಸಿಕೊಳ್ಳಲು ಇನ್ನೊಂದು ಗಂಟೆ. ದೇಗುಲ, ಊಟ, ಮಧ್ಯೆ ಕರಕುಶಲ ಅಂಗಡಿ (ಇದು ತಪ್ಪುವುದೇ ಇಲ್ಲ). ಹನ್ನೆರಡು ಗಂಟೆಯ ದಿನದಲ್ಲಿ ಸೆನೋಟೆಗೆ ಸಿಗುವುದು ಮುಕ್ಕಾಲರಿಂದ ಒಂದು ಗಂಟೆ. ಅದರಲ್ಲಿ ಲಾಕರ್, ಶವರ್, ಜಾಕೆಟ್, ಮೆಟ್ಟಿಲು ಕಳೆದರೆ ನೀರಲ್ಲಿ ಇರುವುದು ಅರ್ಧ ಗಂಟೆಗಿಂತ ಕಡಿಮೆ. ಬುಕ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿ: ಯಾವ ಸೆನೋಟೆ, ಅಲ್ಲಿ ಎಷ್ಟು ನಿಮಿಷ, ಲೈಫ್ ಜಾಕೆಟ್ ಸೇರಿದೆಯಾ? ಹೆಸರು ಹೇಳದೆ ‘ಪವಿತ್ರ ಮಾಯಾ ಸೆನೋಟೆ’ ಅಂತಷ್ಟೇ ಉತ್ತರ ಬಂದರೆ ಬಿಟ್ಟುಬಿಡಿ. ಚಿಚೆನ್ ಇತ್ಸಾ ಪ್ರವೇಶ ಶುಲ್ಕವನ್ನು ಎಷ್ಟೋ ಟೂರ್‌ಗಳು ಬೆಲೆಯಲ್ಲಿ ಸೇರಿಸದೆ ಬಸ್ಸಿನಲ್ಲಿ ಕೇಳುತ್ತವೆ, ಅದನ್ನೂ ವಿಚಾರಿಸಿ.

ಇನ್ನು ಅಮ್ಮ. ಸುಣ್ಣಕಲ್ಲಿನ ಚಾವಣಿ ಕುಸಿದು ಒಳಗಿನ ಅಂತರ್ಜಲ ಕಾಣಿಸಿಕೊಂಡ ಗುಂಡಿಯೇ ಸೆನೋಟೆ. ಹಾಗಾಗಿ ನಮ್ಮ ತೋಟದ ಬಾವಿಯ ಹಾಗೆ, ಹೆಚ್ಚಿನವುಗಳಲ್ಲಿ ಕೊನೆಯ ಮೆಟ್ಟಿಲು ಬಿಟ್ಟರೆ ಕಾಲಿಗೆ ನೆಲ ಸಿಗುವುದಿಲ್ಲ. ಸಿಹಿನೀರು ಬೇರೆ, ಸಮುದ್ರದಷ್ಟು ತೇಲಿಸುವುದಿಲ್ಲ. ಜಾಕೆಟ್ ಇದ್ದರೆ ಇದ್ಯಾವುದೂ ತೊಂದರೆಯಲ್ಲ, ಆದರೆ ಅದು ಸರಿಯಾಗಿ ಕೂತಿರಬೇಕು. ಬಕಲ್ ಹಾಕಿದ ಮೇಲೆ ಭುಜದ ಎರಡೂ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಿರಿ. ಕಿವಿಯವರೆಗೆ ಬಂದರೆ ಅದು ದೊಡ್ಡದಾಯಿತು. ನೀರಿಗಿಳಿದಾಗ ಜಾಕೆಟ್ ಮೇಲೇರಿ ಗಲ್ಲಕ್ಕೆ ಒತ್ತುತ್ತದೆ, ಅಲ್ಲೇ ಗಾಬರಿ ಶುರು. ಚಿಕ್ಕ ಸೈಜ್ ಕೇಳಿ ಬದಲಾಯಿಸಿಕೊಳ್ಳಿ. ಕಾಟನ್ ಚೂಡಿದಾರ್ ಬೇಡ, ನೀರು ಕುಡಿದು ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಲೈಕ್ರಾ ಲೆಗ್ಗಿಂಗ್, ತುಂಬುತೋಳಿನ ಈಜುಟಾಪ್ ಸಾಕು. ನೀರು 25 ಡಿಗ್ರಿ ಆಸುಪಾಸು, ಬಿಸಿಲಿಂದ ಬಂದವರಿಗೆ ಜುಮ್ಮೆನ್ನುತ್ತದೆ. ಎರಡು ನಿಮಿಷ ಮೆಟ್ಟಿಲ ಮೇಲೆ ಕೂತು ಕಾಲಿಳಿಸಿ, ಆಮೇಲೆ ಏಣಿಗೆ ಮುಖ ಮಾಡಿ ಹಿಮ್ಮುಖವಾಗಿ ಇಳಿದು, ಅಡ್ಡ ಕಟ್ಟಿರುವ ಹಗ್ಗ ಹಿಡಿಯಲಿ.

ಮಂಡಿನೋವಿದ್ದರೆ ಜಾಗದ ಆಯ್ಕೆ ಬದಲಾಗುತ್ತದೆ. ಚಿಚೆನ್ ಇತ್ಸಾ ಹತ್ತಿರದ ಇಕ್ ಕಿಲ್ ಸೆನೋಟೆಯಲ್ಲಿ ನೀರು ನೆಲಮಟ್ಟಕ್ಕಿಂತ ಸುಮಾರು 26 ಮೀಟರ್ ಕೆಳಗೆ, ಎಂಟು ಮಹಡಿ ಇಳಿದು ಹತ್ತಿದಂತೆ. ಚಿಚೆನ್ ಇತ್ಸಾ ಬಸ್ಸುಗಳಲ್ಲಿ ಎಷ್ಟೋ ಅಲ್ಲಿಗೇ ಬರುವುದರಿಂದ ಮಧ್ಯಾಹ್ನ ಜಾತ್ರೆ. ವಯ್ಯಾದೊಲಿದ್ ಪಕ್ಕದ ಜಿಟ್ನುಪ್‌ನಲ್ಲಿ ಷ್ಕೆಕೆನ್, ಸಮುಲಾ ಎಂಬ ಎರಡು ಗುಹೆ ಸೆನೋಟೆಗಳು ಒಂದೇ ಆವರಣದಲ್ಲಿವೆ. ಗುಹೆಯ ನೆತ್ತಿಯ ತೂತಿನಿಂದ ಬೆಳಕಿನ ಕೋಲು ಬೀಳುವ ಆ ಫೋಟೋಗಳಲ್ಲಿ ಎಷ್ಟೋ ಇಲ್ಲಿನವೇ, ಆದರೆ ಮೆಟ್ಟಿಲು ತೇವ, ಇಳಿಯುವ ದಾರಿ ತಗ್ಗು. ನಿಮ್ಮ ಅಮ್ಮನಿಗೆ ನಾನು ಹೇಳುವುದು ಪ್ಲಾಯಾ ದೆಲ್ ಕಾರ್ಮೆನ್ ದಕ್ಷಿಣಕ್ಕೆ ಹೆದ್ದಾರಿ ಬದಿಯಲ್ಲೇ ಇರುವ ಸೆನೋಟೆ ಅಸುಲ್. ತೆರೆದ ಆಕಾಶ, ಮೊಣಕಾಲುದ್ದ ನೀರಿನ ಜಾಗವೂ ಉಂಟು, ಪಾದ ಕಚ್ಚುವ ಪುಟ್ಟ ಮೀನುಗಳು ಉಚಿತ. ಕಾನ್ಕೂನ್‌ನಿಂದ ಸುಮಾರು ಒಂದೂವರೆ ಗಂಟೆ, ಗೈಡ್ ಬೇಕಿಲ್ಲ, ಕಾರು ಮಾಡಿಕೊಂಡರಾಯಿತು. ಗೈಡ್ ನಿಜವಾಗಿ ಬೇಕಾಗುವುದು ತುಲುಮ್ ಊರಿನ ಹತ್ತಿರದ ದೋಸ್ ಒಹೋಸ್ ಸೆನೋಟೆಯಂಥ ಕಡೆ ಟಾರ್ಚ್ ಹಿಡಿದು ಗುಹೆಯೊಳಗೆ ಸ್ನಾರ್ಕೆಲ್ ಮಾಡುವಾಗ.

ಆ ಬೆಳಕಿನ ಕೋಲು ಬೇಕಿದ್ದರೆ ಗಡಿಯಾರ ಗಮನಿಸಿ. ಕಾನ್ಕೂನ್ ಇರುವ ಕಿಂತಾನ ರೋ ರಾಜ್ಯ, ವಯ್ಯಾದೊಲಿದ್ ಇರುವ ಯುಕತಾನ್‌ಗಿಂತ ಒಂದು ಗಂಟೆ ಮುಂದೆ. ಸೂರ್ಯ ನೆತ್ತಿಗೆ ಬರುವುದು ವಯ್ಯಾದೊಲಿದ್‌ನಲ್ಲಿ ಹನ್ನೆರಡರ ಹೊತ್ತಿಗೆ, ಕಿಂತಾನ ರೋದಲ್ಲೇ ಇರುವ ತುಲುಮ್‌ನಲ್ಲಿ ಒಂದರ ಹೊತ್ತಿಗೆ. ಡಿಸೆಂಬರ್‌ನಲ್ಲಿ ಸೂರ್ಯ ಓರೆ, ಬೆಳಕು ನೀರಿಗೆ ನೇರ ಬೀಳುವುದಿಲ್ಲ. ಮೇ–ಜುಲೈ ಒಳ್ಳೆಯದು. ಗೈಡ್ ‘ಒಂದಕ್ಕೆ ಬಸ್ಸಿಗೆ ಬನ್ನಿ’ ಅಂದರೆ ಯಾವ ಊರಿನ ಒಂದು ಗಂಟೆ ಅಂತ ಕೇಳಿ. ಫೋನ್ ತಾನಾಗಿ ಯುಕತಾನ್ ಸಮಯಕ್ಕೆ ಹೋಗಿದ್ದು ಗೈಡ್ ಕಾನ್ಕೂನ್ ಸಮಯ ಹೇಳಿದ್ದರೆ, ನೀವು ಒಂದು ಗಂಟೆ ತಡ.

ಸನ್‌ಸ್ಕ್ರೀನ್, ಸೊಳ್ಳೆ ಕ್ರೀಮ್, ತಲೆಗೆ ಎಣ್ಣೆ ಮೂರೂ ಬೇಡ, ‘ಬಯೋಡಿಗ್ರೇಡಬಲ್’ ಅಂತ ಬರೆದಿದ್ದರೂ. ಉತ್ತರ ಯುಕತಾನ್‌ನಲ್ಲಿ ನೆಲದ ಮೇಲೆ ನದಿಗಳಿಲ್ಲ, ಊರೂರಿಗೆ ಕುಡಿಯುವ ನೀರು ಬರುವುದು ಇದೇ ಅಂತರ್ಜಲದಿಂದ. ಇಳಿಯುವ ಮೊದಲು ಶವರ್ ಕಡ್ಡಾಯ. ಲಾಕರ್, ಟಿಪ್ಸ್‌ಗೆ ಪೆಸೊ ಚಿಲ್ಲರೆ ಇರಲಿ.

ಸಸ್ಯಾಹಾರಿಗಳಾದರೆ ಬಫೆಯಲ್ಲಿ ಹುರುಳಿಯಂಥ ಕಪ್ಪು ಬೀನ್ಸ್ ಕಂಡು ಖುಷಿಪಡಬೇಡಿ, ಅದನ್ನು ಹಂದಿಕೊಬ್ಬಿನಲ್ಲಿ ಮಾಡಿರಬಹುದು. ಅನ್ನವನ್ನೂ ಕೋಳಿಸಾರಿನಲ್ಲಿ ಬೇಯಿಸಿರಬಹುದು. ‘ಸಿನ್ ಮಂತೇಕಾ, ಸಿನ್ ಕಾಲ್ದೊ ದೆ ಪೊಯೊ’ (ಹಂದಿಕೊಬ್ಬು, ಕೋಳಿಸಾರು ಇಲ್ಲದ್ದು) ಅಂತ ಕೇಳಿ ನೋಡಿ. ಇಲ್ಲ ಅಂತ ತಲೆ ಅಲ್ಲಾಡಿಸಿದರೆ ಟೊರ್ಟಿಯಾ (ಜೋಳದ ರೊಟ್ಟಿ), ಅವಕಾಡೊ, ಹಣ್ಣಿಗೆ ಇಳಿಯಿರಿ.